ಸೌರವ್ಯೂಹ ಸ್ಮಾರ್ಟ್‌ಬೋರ್ಡ್‌ಗೆ ಬಂತು, ಯಲಹಂಕದ ಆಕಾಶ ಎಲ್ಲಿ ಹೋಯ್ತು?

ಯಲಹಂಕ: 2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದಾಗ ಅದರ ಮೇಲೆ ಕಣ್ಣಿಟ್ಟು ಕೂತಿದ್ದ ನಿಯಂತ್ರಣ ಕೊಠಡಿ ಇದ್ದದ್ದು ಪೀಣ್ಯದ ಇಸ್ಟ್ರ್ಯಾಕ್‌ನಲ್ಲಿ. ಯಶವಂತಪುರದಿಂದ ಮೆಟ್ರೋ ಹತ್ತಿದ್ರೆ ಕೆಲವೇ ಸ್ಟೇಷನ್ ದೂರ. ಮೇಖ್ರಿ ಸರ್ಕಲ್ ಪಕ್ಕದಲ್ಲಿ ಸಿ.ವಿ. ರಾಮನ್ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ ಇದೆ. ಹೆಸರಘಟ್ಟದ ಕಡೆ ಶಿವಕೋಟೆಯಲ್ಲಿ ಐಸಿಟಿಎಸ್ ಇದೆ. ಜಿಕೆವಿಕೆ ಆವರಣದಲ್ಲಿ ಪ್ರೊ. ಯು.ಆರ್. ರಾವ್ ಹೆಸರಿನ ವಿಜ್ಞಾನ ಭವನವೂ ಇದೆ. ಇಷ್ಟೊಂದು ಆಕಾಶ ವಿಜ್ಞಾನ ಒಂದೇ ಕಡೆ ಸೇರಿರುವ ಜಾಗ ದೇಶದಲ್ಲಿ ಕಮ್ಮಿ.

ಆದ್ರೆ ಇದೇ ಭಾಗದ ಹೈಸ್ಕೂಲ್ ಮಕ್ಕಳನ್ನ, ಅಥವಾ ಅವರ ಅಪ್ಪ-ಅಮ್ಮನ್ನೇ, "ಹುಣ್ಣಿಮೆ ಆದ ಮೇಲೆ ಚಂದ್ರ ಯಾಕೆ ಸಣ್ಣಗಾಗ್ತಾ ಹೋಗ್ತಾನೆ?" ಅಂತ ಕೇಳಿ ನೋಡಿ. "ಭೂಮಿಯ ನೆರಳು ಬೀಳುತ್ತಲ್ಲ" ಅನ್ನೋ ಉತ್ತರ ಬರುವ ಸಾಧ್ಯತೆ ಬಹಳ. ಅದು ಗ್ರಹಣದ ವಿವರಣೆ, ಬಿದಿಗೆ ಚಂದ್ರನದ್ದಲ್ಲ. ಇದು ಬೆಂಗಳೂರಿನ ಮಕ್ಕಳ ತಪ್ಪಲ್ಲ, ಪ್ರಪಂಚದ ಎಲ್ಲ ಕಡೆ ಇರುವ ತಪ್ಪು ಕಲ್ಪನೆ. ಪುಸ್ತಕದ ಚಪ್ಪಟೆ ಚಿತ್ರ ನೋಡಿ ಮೂರು ಆಯಾಮದ ವಿಷಯ ತಲೆಗೆ ಹತ್ತಿಸಿಕೊಳ್ಳೋದು ಕಷ್ಟ.

ಈ ಕಷ್ಟ ನೀಗಿಸೋಕೆ ಅಂತಲೇ ಆನ್‌ಲೈನ್ ಸಿಮ್ಯುಲೇಟರ್‌ಗಳು ಇರೋದು. ಸಹಕಾರನಗರ, ಯಲಹಂಕ ನ್ಯೂ ಟೌನ್, ಆರ್.ಟಿ. ನಗರದ ಖಾಸಗಿ ಶಾಲೆಗಳ ಅಡ್ಮಿಷನ್ ಕರಪತ್ರದಲ್ಲಿ "ಸ್ಮಾರ್ಟ್ ಕ್ಲಾಸ್" ಅನ್ನೋದು ಈಗ ಹೊಸ ಮಾತೇನಲ್ಲ. ಬೋರ್ಡಿನ ಮೇಲೆ ಗ್ರಹಗಳು ಸುತ್ತುತ್ತವೆ, ಮಕ್ಕಳು ಬೆರಳಲ್ಲಿ ಶನಿಯ ಬಳೆ ತಿರುಗಿಸ್ತಾರೆ. ನೋಡೋಕೆ ಚೆನ್ನಾಗಿದೆ. ಆದ್ರೆ ಇದರಿಂದ ಮಕ್ಕಳು ಏನು ಕಲಿತರು ಅಂತ ಕೇಳುವವರು ಕಡಿಮೆ. ಪೋಷಕರ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಅದೇ.

ದುಡ್ಡಿನ ಪ್ರಶ್ನೆ ಇಲ್ಲಿಲ್ಲ

ಒಂದು ವಿಷಯ ಮೊದಲೇ ಸ್ಪಷ್ಟವಾಗಲಿ. ಒಳ್ಳೆಯ ಸಿಮ್ಯುಲೇಟರ್‌ಗಳಿಗೆ ಒಂದು ರೂಪಾಯಿ ಕೊಡಬೇಕಿಲ್ಲ. ಇಡೀ ಆಕಾಶವನ್ನ ಬೇಕಾದ ದಿನಾಂಕ, ಬೇಕಾದ ಊರಿನಿಂದ ತೋರಿಸುವ 'ಸ್ಟೆಲೇರಿಯಂ' ಮುಕ್ತ ತಂತ್ರಾಂಶ. ಗಗನನೌಕೆಗಳ ಹಾದಿಯನ್ನ ಹಿಂಬಾಲಿಸಬಹುದಾದ 'ಐಸ್ ಆನ್ ದಿ ಸೋಲಾರ್ ಸಿಸ್ಟಮ್' ನಾಸಾದ್ದು, ಬ್ರೌಸರ್‌ನಲ್ಲೇ ತೆರೆಯುತ್ತೆ. ಗುರುತ್ವ ಮತ್ತು ಕಕ್ಷೆಗಳನ್ನ ಆಡಿಸಿ ನೋಡೋಕೆ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ 'ಫೆಟ್' ಇದೆ. ನೊಬೆಲ್ ವಿಜೇತ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಸ್ಟೆಲೇರಿಯಂ, ಫೆಟ್ ಎರಡನ್ನೂ ಒಮ್ಮೆ ಇಳಿಸಿಕೊಂಡ್ರೆ ನೆಟ್ ಇಲ್ಲದೆಯೂ ನಡೆಯುತ್ತೆ. ಅಂದ್ರೆ ರಾಜಾನುಕುಂಟೆ ಕಡೆಯ ಒಂದು ಸರ್ಕಾರಿ ಶಾಲೆಗೆ ಬೇಕಾದದ್ದು ಕೆಟ್ಟಿರದ ಒಂದು ಕಂಪ್ಯೂಟರ್ ಮತ್ತು ಒಂದು ಪೆನ್‌ಡ್ರೈವ್.

ಹಾಗಿದ್ದೂ "ಆಸ್ಟ್ರಾನಮಿ ಪ್ಯಾಕೇಜ್" ಹೆಸರಲ್ಲಿ ಯಾರಾದ್ರೂ ಎಕ್ಸ್‌ಟ್ರಾ ಫೀಸು ಕೇಳಿದ್ರೆ, ಯಾವ ತಂತ್ರಾಂಶ ಅಂತ ಹೆಸರು ಕೇಳಿ ತಿಳ್ಕೊಳ್ಳೋದು ಒಳ್ಳೇದು.

ತಂತ್ರಜ್ಞಾನ ಕೈಕೊಟ್ಟ ಉದಾಹರಣೆಯೂ ಇದೆ. ಹತ್ತು-ಹದಿನೈದು ವರ್ಷ ಮೇಷ್ಟ್ರುಗಳು ಬಳಸಿದ ಎಷ್ಟೋ ಖಗೋಳ ಸಿಮ್ಯುಲೇಶನ್‌ಗಳು ಫ್ಲ್ಯಾಶ್‌ನಲ್ಲಿ ಮಾಡಿದ್ದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಫ್ಲ್ಯಾಶ್ ನಿಲ್ಲಿಸಿತು. ಕೋವಿಡ್‌ನಿಂದ ಶಾಲೆಗಳೆಲ್ಲ ಆನ್‌ಲೈನ್ ಅಂತ ಒದ್ದಾಡುತ್ತಿದ್ದ ಹೊತ್ತಲ್ಲೇ ಹಳೇ ಸಿಡಿ, ಹಳೇ ಲಿಂಕ್ ಎಲ್ಲ ಕೆಲಸಕ್ಕೆ ಬಾರದಂತಾದವು. ಫೆಟ್‌ನಂಥವು ಹೊಸ ರೂಪಕ್ಕೆ ಬದಲಾದವು, ಹಲವು ಹಾಗೇ ಮಾಯವಾದವು. ತಂತ್ರಾಂಶ ಬದಲಾಗುತ್ತಲೇ ಇರುತ್ತೆ, ಅದನ್ನ ಹೇಗೆ ಬಳಸಬೇಕು ಅಂತ ಗೊತ್ತಿರುವ ಮೇಷ್ಟ್ರು ಇರಬೇಕು.

ಬಳ್ಳಾರಿ ರೋಡಿನ ಸೌರವ್ಯೂಹ

ಸಿಮ್ಯುಲೇಟರ್ ಹೇಳುವ ದೊಡ್ಡ ಸುಳ್ಳು ಅಳತೆಯದ್ದು. 30 ಸೆಂಟಿಮೀಟರ್ ಅಗಲದ ಪರದೆಯಲ್ಲಿ ಎಡ ತುದಿಗೆ ಸೂರ್ಯ, ಬಲ ತುದಿಗೆ ನೆಪ್ಚೂನ್ ಇಟ್ಟರೆ ಭೂಮಿ ಸೂರ್ಯನಿಂದ ಕೇವಲ 1 ಸೆಂಟಿಮೀಟರ್ ದೂರ ಬರುತ್ತೆ. ಸೂರ್ಯನೇ ಒಂದು ಕೂದಲೆಳೆಯ ದಪ್ಪ. ಭೂಮಿ ಅದರ ನೂರರಲ್ಲಿ ಒಂದು ಭಾಗ, ಕಣ್ಣಿಗೇ ಕಾಣಲ್ಲ. ಹಾಗಾಗಿ ಗ್ರಹಗಳನ್ನ ಸಾವಿರಾರು ಪಟ್ಟು ಹಿಗ್ಗಿಸಿ, ದೂರ ಕುಗ್ಗಿಸಿ ತೋರಿಸೋದು ಬಿಟ್ಟು ಬೇರೆ ದಾರಿ ಇಲ್ಲ. ಫೆಟ್‌ನ 'ಗ್ರ್ಯಾವಿಟಿ ಅಂಡ್ ಆರ್ಬಿಟ್ಸ್' ಪ್ರಾಮಾಣಿಕವಾಗಿ ಎರಡು ಪುಟ ಇಟ್ಟಿದೆ: ಒಂದು ಮಾದರಿ, ಇನ್ನೊಂದು ನಿಜ ಅಳತೆ. ಎರಡನೆಯದನ್ನ ತೆರೆದ ತಕ್ಷಣ ಭೂಮಿ ಚುಕ್ಕಿಯಾಗುತ್ತೆ. ನೋಡೋಕೆ ಏನೂ ಇಲ್ಲ ಅಂತ ತರಗತಿಯಲ್ಲಿ ಅದನ್ನ ಮುಚ್ಚಿಬಿಟ್ಟರೆ ಪಾಠವೇ ಕೈತಪ್ಪಿದಂತೆ.

ನಿಜ ಅಳತೆ ಬೇಕಿದ್ರೆ ಉತ್ತರ ಬೆಂಗಳೂರಿನವರಿಗೆ ಏರ್‌ಪೋರ್ಟ್ ರೋಡೇ ಇದೆ. ಸೂರ್ಯನಿಂದ ಭೂಮಿಗೆ ಇರುವ ಸುಮಾರು 15 ಕೋಟಿ ಕಿ.ಮೀ.ಯನ್ನ 1 ಕಿ.ಮೀ. ಅಂತ ಇಟ್ಟುಕೊಳ್ಳಿ. ಮೇಖ್ರಿ ಸರ್ಕಲ್‌ನಲ್ಲಿ ಸೂರ್ಯ: 9 ಮೀಟರ್ ಅಗಲದ, ಮೂರು ಅಂತಸ್ತಿನ ಮನೆಯಷ್ಟು ಎತ್ತರದ ಚೆಂಡು. ಬುಧ 400 ಮೀಟರ್‌ಗೆ, ಶುಕ್ರ 700 ಮೀಟರ್‌ಗೆ. ಭೂಮಿ ಗಂಗಾನಗರದ ಆಸುಪಾಸು, ಒಂದು ದೊಡ್ಡ ಮೋಸಂಬಿಯಷ್ಟು. ಅದರಿಂದ ಎರಡೂವರೆ ಮೀಟರ್ ದೂರದಲ್ಲಿ ನೆಲ್ಲಿಕಾಯಿ ಗಾತ್ರದ ಚಂದ್ರ. ಮನುಷ್ಯ ಇದುವರೆಗೆ ಕಾಲಿಟ್ಟಿರುವ ದೂರ ಈ ರಸ್ತೆಯಲ್ಲಿ ಅಷ್ಟೇ, ಎರಡೂವರೆ ಮೀಟರ್. ಮಂಗಳ ಒಂದೂವರೆ ಕಿ.ಮೀ.ಗೆ, ಹೆಬ್ಬಾಳಕ್ಕಿಂತ ಬಹಳ ಮುಂಚೆಯೇ ಮುಗೀತು.

ಆಮೇಲೆ ಖಾಲಿ. ಹೆಬ್ಬಾಳ ಫ್ಲೈಓವರ್ ದಾಟಿ ಬ್ಯಾಟರಾಯನಪುರದ ಹತ್ತಿರ ಬಂದರೆ ಮೂರಡಿ ಅಗಲದ ಗುರು. ಶನಿ ಯಲಹಂಕದಲ್ಲಿ. ಯುರೇನಸ್ ಚಿಕ್ಕಜಾಲ ಬಿಟ್ಟ ಮೇಲೆ. ನೆಪ್ಚೂನ್ ದೇವನಹಳ್ಳಿ ಸಮೀಪ, 30 ಕಿ.ಮೀ.ಗೆ.

ಈ ಅಳತೆಯಲ್ಲಿ ಬೆಳಕಿನ ವೇಗವೂ ಕುಗ್ಗುತ್ತೆ. ಸೂರ್ಯನ ಬೆಳಕು ಭೂಮಿಗೆ ಬರೋಕೆ 8 ನಿಮಿಷ 20 ಸೆಕೆಂಡ್ ಬೇಕಲ್ಲ, ಅಂದ್ರೆ ಇಲ್ಲಿ ಗಂಟೆಗೆ 7 ಕಿ.ಮೀ. ಚಿಲ್ಲರೆ. ಪೀಕ್ ಅವರ್‌ನಲ್ಲಿ ಹೆಬ್ಬಾಳ ಫ್ಲೈಓವರ್ ಮೇಲೆ ಬಿಎಂಟಿಸಿ ಬಸ್ ಹೋದಂಗೆ! ಹೀಗೆ ತೆವಳಿಕೊಂಡು ದೇವನಹಳ್ಳಿ ಮುಟ್ಟೋಕೆ ಬೆಳಕಿಗೆ 4 ಗಂಟೆಗೂ ಹೆಚ್ಚು ಹೊತ್ತು ಬೇಕು. ಶಾಲಾ ವಾಹನದಲ್ಲಿ ದಿನಾ ಇದೇ ರಸ್ತೆಯಲ್ಲಿ ಓಡಾಡೋ ಮಕ್ಕಳಿಗೆ ಇದನ್ನ ಒಮ್ಮೆ ಹೇಳಿ, ಆಮೇಲೆ ಸಿಮ್ಯುಲೇಟರ್ ತೆರೆದರೆ ಅವರೇ ಪರದೆಯ ತಪ್ಪು ಹಿಡೀತಾರೆ.

ನೆರಳು ಯಾವ ಕಡೆ ಬೀಳುತ್ತೆ?

ಎರಡನೇ ಸಮಸ್ಯೆ ಊರಿನದ್ದು. ಪಠ್ಯಪುಸ್ತಕದ ಋತುಗಳ ಚಿತ್ರ, ಬಹುಪಾಲು ವಿಡಿಯೋಗಳು ಯುರೋಪ್-ಅಮೆರಿಕದ ಆಕಾಶವನ್ನ ಮನಸ್ಸಲ್ಲಿಟ್ಟು ಮಾಡಿದ್ದು. ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೇ ಇರ್ತಾನೆ. ಯಲಹಂಕ ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ 24-25ರ ಸುಮಾರಿಗೆ ಸೂರ್ಯ ನಡುನೆತ್ತಿ ದಾಟಿ ಉತ್ತರಕ್ಕೆ ಹೋಗ್ತಾನೆ, ಆಗಸ್ಟ್ 18ರ ಹೊತ್ತಿಗೆ ಮತ್ತೆ ನೆತ್ತಿ ಮೇಲೆ ಬಂದು ದಕ್ಷಿಣಕ್ಕೆ ವಾಪಸ್. ಆ ಎರಡು ದಿನವೇ "ಶೂನ್ಯ ನೆರಳಿನ ದಿನ". ನಡುವಿನ ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತೆ.

ಏಪ್ರಿಲ್‌ನ ದಿನ ಬೇಸಿಗೆ ರಜೆಯಲ್ಲಿ ಹೋಗಿಬಿಡುತ್ತೆ, ಆಗಸ್ಟ್‌ನ ದಿನಕ್ಕೆ ಮೋಡದ ಕಾಟ. ಪರವಾಗಿಲ್ಲ, ಶಾಲೆ ಶುರುವಾದ ಜೂನ್ ತಿಂಗಳಲ್ಲೇ ಪರೀಕ್ಷೆ ಮಾಡಬಹುದು. ಜೂನ್ 21ಕ್ಕೆ 1 ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿದರೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ 18 ಸೆಂಟಿಮೀಟರ್. ಡಿಸೆಂಬರ್ 21ಕ್ಕೆ ಅದೇ ಕೋಲಿನ ನೆರಳು ಉತ್ತರಕ್ಕೆ 74 ಸೆಂಟಿಮೀಟರ್. ಗಡಿಯಾರ 12 ತೋರಿಸಿದಾಗ ಅಳೆದರೆ ಸರಿಬರಲ್ಲ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು ಇರೋದು 77.6ರಲ್ಲಿ. ಸುಮಾರು 20 ನಿಮಿಷ ವ್ಯತ್ಯಾಸ.

ಇಲ್ಲೇ ಸಿಮ್ಯುಲೇಟರ್ ನಿಜವಾಗಿ ಉಪಯೋಗಕ್ಕೆ ಬರೋದು. ಸ್ಟೆಲೇರಿಯಂನಲ್ಲಿ ಊರು ಬೆಂಗಳೂರು ಅಂತ ಕೊಟ್ಟು, ಮೊದಲು ಮಕ್ಕಳಿಂದ ಊಹೆ ಬರೆಸಿಕೊಂಡು, ಆಮೇಲೆ ತಾರೀಖು ಬದಲಿಸಿ ನೋಡಿ, ಕೊನೆಗೆ ಮೈದಾನದಲ್ಲಿ ಕೋಲು ನಿಲ್ಲಿಸೋದು. ಭೂಮಿ ಸೂರ್ಯನಿಗೆ ಹತ್ತಿರ ಇರೋದು ಜನವರಿ ಮೊದಲ ವಾರ, ಸುಮಾರು 14.7 ಕೋಟಿ ಕಿ.ಮೀ., ಯಲಹಂಕದಲ್ಲಿ ಸ್ವೆಟರ್ ಹಾಕ್ಕೊಂಡು ವಾಕ್ ಹೋಗುವ ಕಾಲದಲ್ಲಿ. "ಹತ್ತಿರ ಬಂದಾಗ ಬೇಸಿಗೆ" ಅನ್ನೋ ತಪ್ಪು ಕಲ್ಪನೆ ಅಲ್ಲಿಗೆ ಮುಗೀತು. ಊಹೆ ಇಲ್ಲದೆ ಬರೀ ತೋರಿಸಿದ್ರೆ ಅದು ಇನ್ನೊಂದು ಕಾರ್ಟೂನ್ ಅಷ್ಟೇ.

ಚಂದ್ರನ ವಿಷಯವೂ ಹಾಗೇ. ಆರ್.ಟಿ. ನಗರದ ಇಕ್ಕಟ್ಟು ಗಲ್ಲಿಗಳಲ್ಲಿ, ಏರ್‌ಪೋರ್ಟ್ ರೋಡಿನ ದೀಪಗಳ ನಡುವೆ ನಕ್ಷತ್ರ ಕಾಣಲ್ಲ ಅನ್ನೋದು ನಿಜ. ಚಂದ್ರ, ಶುಕ್ರ, ಗುರು, ಶನಿಗೆ ಆ ನೆಪ ನಡೆಯಲ್ಲ. 2020ರ ಡಿಸೆಂಬರ್ 21ರಂದು ಗುರು-ಶನಿ ಒಂದಕ್ಕೊಂದು ಅಂಟಿಕೊಂಡಂತೆ ಬಂದದ್ದು ನಗರದೊಳಗಿನಿಂದಲೂ ಕಾಣುವಂಥದ್ದೇ. ಅಮಾವಾಸ್ಯೆ ಕಳೆದು ಹತ್ತು ದಿನ, ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಎಲ್ಲಿದ್ದಾನೆ ಅಂತ ಮಕ್ಕಳು ಟೆರೇಸ್ ಮೇಲಿಂದ ಬರೆದಿಟ್ಟರೆ ಸಾಕು. ಬಿದಿಗೆ ಚಂದ್ರ ಸೂರ್ಯನ ಪಕ್ಕದಲ್ಲೇ ಇರ್ತಾನೆ, ಭೂಮಿಯ ನೆರಳು ಇರೋದು ಅದರ ಎದುರು ದಿಕ್ಕಿಗೆ. ಆ ನೆರಳು ಅವನ ಮೇಲೆ ಬೀಳೋಕೆ ದಾರಿಯೇ ಇಲ್ಲ.

ರೋಹಿಣಿ ಮಳೆ ಗೊತ್ತು, ಆಲ್ಡೆಬರಾನ್ ಗೊತ್ತಿಲ್ಲ

ಭಾಷೆಯ ಅಡ್ಡಿಯನ್ನ ಯಾರೂ ಅಷ್ಟಾಗಿ ಲೆಕ್ಕಕ್ಕೆ ತಗೊಂಡಿಲ್ಲ. ಕನ್ನಡ ಮಾಧ್ಯಮದ ಹುಡುಗಿ ಪರದೆಯ ಮೇಲೆ 'ಆಲ್ಡೆಬರಾನ್' ಅಂತ ಓದಿದ್ರೆ ಅದು ಪರದೇಶದ ಹೆಸರು. ಅದೇ ನಕ್ಷತ್ರ ಅವಳ ಅಜ್ಜನಿಗೆ ರೋಹಿಣಿ. ಹೆಸರಘಟ್ಟ, ದೊಡ್ಡಬಳ್ಳಾಪುರ ಕಡೆಯ ರೈತರ ಮನೆಗಳಲ್ಲಿ ರೋಹಿಣಿ ಮಳೆ, ಆರಿದ್ರಾ ಮಳೆ, ಮಘೆ ಮಳೆ ಅಂತ ಲೆಕ್ಕ ಹಾಕೋದು ಇನ್ನೂ ಬಿಟ್ಟಿಲ್ಲ. ಸೂರ್ಯ ಆ ನಕ್ಷತ್ರದ ಬಳಿ ಇರುವ ಹದಿಮೂರು-ಹದಿನಾಲ್ಕು ದಿನಗಳ ಹೆಸರು ಅದು. ಸ್ಟೆಲೇರಿಯಂನಲ್ಲಿ ಜೂನ್ 1ರ ಮಧ್ಯಾಹ್ನಕ್ಕೆ ಹೋಗಿ ವಾತಾವರಣದ ಬಟನ್ ಆಫ್ ಮಾಡಿ. ನೀಲಿ ಆಕಾಶ ಕಪ್ಪಾಗಿ ಸೂರ್ಯನ ಹತ್ತಿರವೇ ರೋಹಿಣಿ ಕಾಣುತ್ತೆ. ಅಜ್ಜನ ಲೆಕ್ಕ ಬರೀ ಬಾಯಿಮಾತಲ್ಲ, ಆಕಾಶದ ಲೆಕ್ಕ ಅಂತ ಮಗುವಿಗೆ ಅಲ್ಲೇ ಗೊತ್ತಾಗುತ್ತೆ. (ಮಳೆ ಬರುತ್ತೋ ಇಲ್ಲವೋ ಅದು ಬೇರೆ ಮಾತು.)

ಕನ್ನಡದಲ್ಲಿ ಕೆಲಸವೇ ಆಗಿಲ್ಲ ಅಂತಲ್ಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆ ಜೊತೆ ಸೇರಿ ಸರ್ಕಾರಿ ಶಾಲಾ ಶಿಕ್ಷಕರಿಗಾಗಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಕಟ್ಟಿದೆ. ಗಡಿಯಾಚೆ ಕೇರಳದಲ್ಲಿ 'ಕೈಟ್' ಸಂಸ್ಥೆ ಮುಕ್ತ ತಂತ್ರಾಂಶಗಳನ್ನ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗೆ ತಾನೇ ಹಾಕಿಕೊಡುತ್ತೆ. ಇಲ್ಲಿ ಆ ಕೆಲಸ ಬಹುಮಟ್ಟಿಗೆ ಆಸಕ್ತಿ ಇರುವ ಮೇಷ್ಟ್ರ ತಲೆ ಮೇಲೆ ಬಿದ್ದಿದೆ. ರಾಜ್ಯ ಸರ್ಕಾರದ 2023-24ರ ಬಜೆಟ್‌ನಲ್ಲಿ ವಸತಿ ಶಾಲೆಗಳಿಗೆ ಟೆಲಿಸ್ಕೋಪ್ ಕೊಡುವ ಘೋಷಣೆ ಬಂತು. ಒಳ್ಳೇದೇ. ಟೆಲಿಸ್ಕೋಪನ್ನ ಎತ್ತ ತಿರುಗಿಸಬೇಕು ಅಂತ ಹೇಳೋಕೆ ಸ್ಟೆಲೇರಿಯಂ, ಅದನ್ನ ರಾತ್ರಿ ಹೊತ್ತು ಹೊರಗೆ ತೆಗೆಯೋಕೆ ಧೈರ್ಯ ಇರುವ ಶಿಕ್ಷಕ, ಎರಡೂ ಬೇಕು. ಹಗಲು ಶಾಲೆಗಳಿಗೆ ರಾತ್ರಿ ಆಕಾಶ ತೋರಿಸೋದೇ ದೊಡ್ಡ ತಲೆನೋವು.

ಪಠ್ಯದ ಗೊಂದಲವೂ ಸೇರಿಕೊಂಡಿದೆ. ಎನ್‌ಸಿಇಆರ್‌ಟಿ 2022ರಲ್ಲಿ ಹೊರೆ ಇಳಿಸುವಾಗ 8ನೇ ತರಗತಿ ವಿಜ್ಞಾನದಿಂದ ನಕ್ಷತ್ರ-ಸೌರವ್ಯೂಹದ ಅಧ್ಯಾಯವನ್ನೇ ಕೈಬಿಟ್ಟಿತು. ಈಗಿನ ಹೊಸ ಪುಸ್ತಕಗಳಲ್ಲಿ 6ನೇ ತರಗತಿಯಿಂದಲೇ ಆಕಾಶ ಮತ್ತೆ ಬಂದಿದೆ. ಆದ್ರೆ ಪರೀಕ್ಷೆಯಲ್ಲಿ "ಅತಿ ದೊಡ್ಡ ಗ್ರಹ ಯಾವುದು?" ಅನ್ನೋ ಒಂದು ಅಂಕದ ಪ್ರಶ್ನೆಯೇ ಬರುವ ತನಕ ಸಿಮ್ಯುಲೇಟರ್‌ಗೆ ಪೀರಿಯಡ್ ಕೊಡೋಕೆ ಮೇಷ್ಟ್ರಿಗೂ ಮನಸ್ಸಾಗಲ್ಲ. ಆ ಉತ್ತರಕ್ಕೆ ಬಾಯಿಪಾಠವೇ ಸಾಕಲ್ಲ.

2027ರ ಆಗಸ್ಟ್ 2, ಸೋಮವಾರ

ಇವೆಲ್ಲ ಒಟ್ಟಿಗೆ ಪರೀಕ್ಷೆಗೆ ಒಳಗಾಗುವ ದಿನ ಅದು. ಈಜಿಪ್ಟ್‌ನ ಲಕ್ಸರ್‌ನಲ್ಲಿ ಸೂರ್ಯ ಆರು ನಿಮಿಷಕ್ಕೂ ಹೆಚ್ಚು ಪೂರ್ತಿ ಮುಚ್ಚುವ ಗ್ರಹಣ, ಬೆಂಗಳೂರಿಗೆ ಸಂಜೆ ಹೊತ್ತು ಭಾಗಶಃ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಾಸರಗೋಡಿನ ಚೆರುವತ್ತೂರಿನಲ್ಲಿ ಉಂಗುರ ಕಂಡಾಗ ಇಲ್ಲಿ ಕಂಡದ್ದು ತೆಳ್ಳಗಿನ ಕುಡುಗೋಲು. ಒಂದೇ ಸೂರ್ಯ, ಒಂದೇ ಚಂದ್ರ, ಕೆಲವು ನೂರು ಕಿ.ಮೀ. ಅಂತರಕ್ಕೆ ಬೇರೆ ಬೇರೆ ದೃಶ್ಯ. ಯಾಕೆ ಅನ್ನೋದನ್ನ ಸಿಮ್ಯುಲೇಟರ್‌ನಲ್ಲಿ ಊರು ಬದಲಿಸಿದ್ರೆ ಅರೆ ನಿಮಿಷದಲ್ಲಿ ತೋರಿಸಬಹುದು.

ಗ್ರಹಣ ಅಂದ್ರೆ ಊಟ ಬಿಟ್ಟು ಬಾಗಿಲು ಹಾಕಿಕೊಳ್ಳುವ ಮನೆಗಳು ಈ ಭಾಗದಲ್ಲೂ ಇವೆ, ಅಪಾರ್ಟ್‌ಮೆಂಟ್‌ಗಳಲ್ಲೂ. ಆಗಸ್ಟ್ ಆದ್ದರಿಂದ ಮೋಡ ಮುಚ್ಚಿ ನಿಜವಾದ ಗ್ರಹಣ ಕಾಣದೇ ಹೋದರೂ ಹೋಗಬಹುದು. ಆಗ ಉಳಿಯೋದು ಪರದೆಯ ಗ್ರಹಣ ಮಾತ್ರ. ಮೋಡ ಸರಿದರೆ ಗ್ರಹಣದ ಕನ್ನಡಕ ಬೇಕೇ ಬೇಕು, ಎಕ್ಸ್‌ರೇ ಫಿಲ್ಮ್, ಕೂಲಿಂಗ್ ಗ್ಲಾಸ್ ನಡೆಯಲ್ಲ. ಕನ್ನಡಕ ಇಲ್ಲದವರು ರಟ್ಟಿಗೆ ಸಣ್ಣ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಬಿಂಬವನ್ನ ಗೋಡೆ ಮೇಲೆ ಬೀಳಿಸಿ ನೋಡಬಹುದು. ಸಂಜೆ ಸೂರ್ಯ ಪಶ್ಚಿಮಕ್ಕೆ ಇಳಿದಿರುವುದರಿಂದ ಆ ಕಡೆ ಕಟ್ಟಡ ಅಡ್ಡ ಇಲ್ಲದ ಮೈದಾನವನ್ನ ಶಾಲೆಗಳು ಮೊದಲೇ ಗುರುತು ಮಾಡಿಕೊಳ್ಳಬೇಕು. ಆ ಹೊತ್ತಿಗೆ ಸೂರ್ಯ ಎಷ್ಟು ಎತ್ತರದಲ್ಲಿ ಇರ್ತಾನೆ ಅನ್ನೋದನ್ನ ಸ್ಟೆಲೇರಿಯಂನಲ್ಲಿ ಈಗಲೇ ನೋಡಬಹುದು.