ಐದು ಕ್ವಾರ್ಕಿನ ಕಣವೂ ನಿಮ್ಮ ರೆಕಾರ್ಡ್ ಪುಸ್ತಕವೂ

ಪ್ರೋಟಾನಿನೊಳಗೆ ಎಷ್ಟು ಕ್ವಾರ್ಕ್ ಎಂದು ಕೇಳಿದರೆ ಕ್ವಿಜ್‌ಗೆ ಹೋಗುವ ಮಕ್ಕಳು ಥಟ್ಟನೆ ‘ಮೂರು’ ಅನ್ನುತ್ತೀರಿ. ಮೆಸಾನಿನಲ್ಲಿ ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್. ಅದೂ ಸರಿ. ಆದರೆ 1964ರಲ್ಲಿ ಕ್ವಾರ್ಕಿನ ಕಲ್ಪನೆಯನ್ನು ಮುಂದಿಟ್ಟ ಮುರ್ರೆ ಗೆಲ್‌ಮನ್, ಅದೇ ಎರಡು ಪುಟದ ಲೇಖನದಲ್ಲಿ ನಾಲ್ಕು ಕ್ವಾರ್ಕ್ ಮತ್ತು ಒಂದು ಪ್ರತಿಕ್ವಾರ್ಕ್ ಸೇರಿದ ಕಣಕ್ಕೂ ಜಾಗ ಇಟ್ಟಿದ್ದರು. ಇದೇ ಪೆಂಟಾಕ್ವಾರ್ಕ್. ಕೈಗೆ ಸಿಗಲಿಕ್ಕೆ ಮಾತ್ರ ಐವತ್ತು ವರ್ಷ ಬೇಕಾಯಿತು.

ಇಂಥ ಕಣ ಹುಟ್ಟಿದೊಡನೆ ಒಡೆದುಹೋಗುತ್ತದೆ. ಚೂರುಗಳ ಶಕ್ತಿ, ಸಂವೇಗಗಳನ್ನು ಅಳೆದು, ಮೂಲಕಣದ ದ್ರವ್ಯರಾಶಿ ಎಷ್ಟಿದ್ದಿರಬೇಕೆಂದು ಲೆಕ್ಕ ಹಾಕಿ ನಕ್ಷೆ ಬಿಡಿಸುತ್ತಾರೆ. ನಕ್ಷೆಯಲ್ಲಿ ಒಂದು ಕಡೆ ಗುಡ್ಡೆ ಎದ್ದರೆ ಅಲ್ಲಿ ಕಣ ಉಂಟು ಅಂತ. 2003ರಲ್ಲಿ ಜಪಾನಿನ ಸ್ಪ್ರಿಂಗ್-8 ಪ್ರಯೋಗಾಲಯದ ತಂಡಕ್ಕೆ 1540 ಮೆಗಾ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಅಂಥದೊಂದು ಗುಡ್ಡೆ ಕಂಡಿತು. ಪೆಂಟಾಕ್ವಾರ್ಕ್ ಸಿಕ್ಕಿತು ಅಂದರು. ಬೆನ್ನಿಗೇ ಸುಮಾರು ಹತ್ತು ತಂಡಗಳು ‘ನಮಗೂ ಕಂಡಿತು’ ಎಂದವು. ಅಮೆರಿಕದ ಜೆಫರ್ಸನ್ ಪ್ರಯೋಗಾಲಯದ ‘ಕ್ಲಾಸ್’ ತಂಡ (ನಮ್ಮ ಕ್ಲಾಸ್ ಅಲ್ಲ) ಅವುಗಳಲ್ಲಿ ಒಂದು. ಆದರೆ ಆ ತಂಡ ಅಲ್ಲಿಗೇ ಬಿಡಲಿಲ್ಲ. ಬಹಳ ಹೆಚ್ಚು ದತ್ತಾಂಶ ಸಂಗ್ರಹಿಸಿ ಮತ್ತೆ ನೋಡಿತು. ಗುಡ್ಡೆ ಇರಲಿಲ್ಲ. ಇಲ್ಲ ಎಂದೇ ಪ್ರಕಟಿಸಿತು.

ನನ್ನನ್ನು ಕೇಳಿದರೆ ಈ ಇಡೀ ಕತೆಯಲ್ಲಿ ದೊಡ್ಡ ಕೆಲಸ ಇದೇ. ಪಠ್ಯಪುಸ್ತಕದಲ್ಲಿ ಇದಕ್ಕೆ ಜಾಗವಿಲ್ಲ. ಅಲ್ಲಿ ಕಂಡುಹಿಡಿದವರು ಮಾತ್ರ ಬರುತ್ತಾರೆ. ಹಾಗಾಗಿಯೇ ಓಮ್‌ನ ನಿಯಮದ ಪ್ರಯೋಗಕ್ಕೆ ಕೂತಾಗ ಮೊದಲು ಗೆರೆ, ಆಮೇಲೆ ರೀಡಿಂಗ್! ನಾಲ್ಕನೇ ಚುಕ್ಕಿ ಗೆರೆ ಬಿಟ್ಟು ಆಚೆ ಬಿದ್ದರೆ ರಬ್ಬರಿನಿಂದ ಅಳಿಸಿ, ಗೆರೆಯ ಮೇಲೆ ತಂದು ಕೂರಿಸಿಬಿಡುತ್ತೀರಿ. ಅದಕ್ಕೆ ಪೂರ್ತಿ ಮಾರ್ಕೂ ಸಿಗುತ್ತದೆ, ಅದೇ ಬೇಸರ. ಪಾಪ, ಆ ಚುಕ್ಕಿ ಏನೋ ಹೇಳುತ್ತಿತ್ತು. ತಂತಿ ಬಿಸಿಯಾಗಿ ರೋಧ ಹೆಚ್ಚಿತ್ತೋ, ಎಲ್ಲೋ ಜೋಡಣೆ ಸಡಿಲವಿತ್ತೋ!

ಪೆಂಟಾಕ್ವಾರ್ಕ್ ಆಮೇಲೆ ಸಿಕ್ಕಿತು, ಬೇರೆಯದು. 2015ರಲ್ಲಿ ಜಿನೀವಾ ಬಳಿಯ ಸರ್ನ್‌ನ ಎಲ್‌ಎಚ್‌ಸಿಬಿ ತಂಡಕ್ಕೆ. ಎರಡು ಅಪ್, ಒಂದು ಡೌನ್, ಒಂದು ಚಾರ್ಮ್, ಒಂದು ಪ್ರತಿಚಾರ್ಮ್. 4450ರ ಹತ್ತಿರ ಚೂಪಾದ ಗುಡ್ಡೆ. ಅವರೂ ಸುಮ್ಮನಿರಲಿಲ್ಲ. 2019ರಲ್ಲಿ ಒಂಬತ್ತು ಪಟ್ಟು ದತ್ತಾಂಶ ಇಟ್ಟುಕೊಂಡು ನೋಡಿದರೆ, ಒಂದು ಅಂದುಕೊಂಡ ಗುಡ್ಡೆ 4440, 4457 ಎಂದು ಎರಡಾಗಿತ್ತು! 4312ರಲ್ಲಿ ಹೊಸದೊಂದು ಎದ್ದು ನಿಂತಿತ್ತು.

ಒಳಗೆ ಐದೂ ಒಂದೇ ಚೀಲದಲ್ಲಿ ತುಂಬಿದ ಹಾಗಿವೆಯೋ, ಇಲ್ಲಾ ಡ್ಯೂಟೀರಿಯಂ ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನ್, ನ್ಯೂಟ್ರಾನ್ ಸಡಿಲವಾಗಿ ಅಂಟಿಕೊಂಡಂತೆ ಮೂರರದ್ದೊಂದು ಕಣ, ಎರಡರದ್ದೊಂದು ಕಣ ಅಂಟಿಕೊಂಡಿವೆಯೋ? ಇದು ಇನ್ನೂ ತೀರ್ಮಾನವಾಗಿಲ್ಲ. ಒಟ್ಟು ದ್ರವ್ಯರಾಶಿ ಆ ಎರಡು ಕಣಗಳ ಮೊತ್ತಕ್ಕಿಂತ ತುಸುವೇ ಕಡಿಮೆ ಇರುವುದರಿಂದ ಹಲವರು ಎರಡನೆಯದರ ಕಡೆಗೆ ವಾಲಿದ್ದಾರೆ.

ಮುಂದಿನ ಪ್ರಯೋಗದಲ್ಲಿ ಗೆರೆ ಬಿಟ್ಟು ನಿಂತ ಚುಕ್ಕಿಯನ್ನು ಅಲ್ಲೇ ಬಿಡಿ. ಪಕ್ಕದಲ್ಲಿ ಪೆನ್ನಿನಿಂದಲೇ ‘ಮತ್ತೆ ಅಳೆಯಬೇಕು’ ಎಂದು ಬರೆಯಿರಿ, ಮತ್ತೆ ಅಳೆಯಿರಿ. ಮಾರ್ಕು ಕಡಿಮೆಯಾದರೆ ನಿಮ್ಮ ಮಾಷ್ಟ್ರಿಗೆ ಈ ಪುಟ ತೋರಿಸಿ.