ಕಾರನ್ನು ತಗ್ಗಿಸುವುದು ಯುಕ್ತವೇ?

ನೆಲವನ್ನು ಮುಟ್ಟುವಷ್ಟು ತಗ್ಗಿಸಿದ ಕಾರುಗಳು ಥಾಣೆ, ನವಿಮುಂಬಯಿಗಳ ಬೀದಿಗಳಲ್ಲಿ ಹಾಯುವಾಗ ನಮ್ಮ ವಿದ್ಯಾರ್ಥಿಗಳು ಬೆರಗಾಗಿ ನಿಂತು ನೋಡುವುದುಂಟು. ಸ್ಪ್ರಿಂಗುಗಳನ್ನು ಗಿಡ್ಡಗೊಳಿಸಿ ಕಾರನ್ನು ಹೀಗೆ ತಗ್ಗಿಸುವುದು ಯುಕ್ತವೇ ಎಂಬುದನ್ನು ವಿಚಾರಿಸೋಣ.

ತಗ್ಗಿಸುವುದರಲ್ಲಿ ಗುಣವೇ ಇಲ್ಲವೆಂದಲ್ಲ. ಗುರುತ್ವಕೇಂದ್ರವು ನೆಲಕ್ಕೆ ಸಮೀಪವಾದಷ್ಟೂ ವಾಹನವು ತಿರುವಿನಲ್ಲಿ ಹೊರಕ್ಕೆ ವಾಲುವುದು ಕಡಿಮೆ. ಪಂದ್ಯದ ಕಾರುಗಳು ತಗ್ಗಾಗಿರುವುದು ಇದರಿಂದಲೇ. ಆದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯಲ್ಲಿರುವ ಪಂದ್ಯದ ಹಾದಿ ನುಣುಪಾದುದು. ನಮ್ಮ ರಸ್ತೆಗಳು ಹಾಗಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೂಚನೆಯಂತೆ ಕಟ್ಟಿದ ರಸ್ತೆಯುಬ್ಬು ಕೂಡ 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲವಿರುತ್ತದೆ. ಸೂಚನೆ ಮೀರಿ ಕಟ್ಟಿದ ಉಬ್ಬುಗಳ ಮಾತನ್ನು ಹೇಳುವುದೇ ಬೇಡ. ಮಳೆಗಾಲದಲ್ಲಿ ಘೋಡಬಂದರ ರಸ್ತೆಯಲ್ಲಿಯೂ ಡೊಂಬಿವಲಿಯ ಪಕ್ಕದಲ್ಲಿ ಹಾಯುವ ಕಲ್ಯಾಣ–ಶಿಳ್‌ಫಾಟಾ ರಸ್ತೆಯಲ್ಲಿಯೂ ಗುಂಡಿಗಳು ಬೀಳುತ್ತವೆ. ಸ್ಪ್ರಿಂಗು ಗಿಡ್ಡವಾದರೆ ಗಾಲಿಯು ಮೇಲೆ ಕೆಳಗೆ ಆಡುವ ಅವಕಾಶ ಕುಗ್ಗಿ, ಪೆಟ್ಟೆಲ್ಲ ಕಾರಿನ ಒಡಲಿಗೇ ತಗಲುವುದು.

ಒಡೆಯನ ನಷ್ಟ ಒಡೆಯನಿಗಿರಲಿ. ತಳ ತಾಗೀತೆಂಬ ಭಯದಿಂದ ಅವನು ಉಬ್ಬನ್ನು ಓರೆಯಾಗಿ ದಾಟುವನು. ಗುಂಡಿ ಕಂಡೊಡನೆ ಪಕ್ಕಕ್ಕೆ ಹೊರಳುವನು. ಆ ಪಕ್ಕದಲ್ಲಿ ಸೈಕಲ್ಲಿನ ಮೇಲೆ ಶಾಲೆಗೆ ಹೊರಟವರು ನೀವೇ ಆಗಿರಬಹುದು. ಒಬ್ಬನ ಚೆಲುವಿನ ಹಂಬಲಕ್ಕೆ ದಾರಿಹೋಕರು ದಂಡ ತೆರಬಾರದು.

ಆದುದರಿಂದ ನಮ್ಮ ರಸ್ತೆಗಳಲ್ಲಿ ಓಡುವ ಕಾರನ್ನು ತಯಾರಕರು ಕೊಟ್ಟ ಎತ್ತರದಲ್ಲಿಯೇ ಉಳಿಸುವುದು ಲೇಸು. ತಿರುವಿನಲ್ಲಿ ಸ್ಥೈರ್ಯ ಬಯಸುವವನು ವೇಗವನ್ನು ತಗ್ಗಿಸಲಿ. ನಾಳೆ ನಿಮ್ಮಲ್ಲಿ ಯಂತ್ರಶಿಲ್ಪಿಗಳಾಗುವವರು ವಾಹನವನ್ನು ರೂಪಿಸುವ ಮುನ್ನ ಅದು ಓಡಬೇಕಾದ ನೆಲವನ್ನು ಅಳೆದು ನೋಡಿರಿ.