ಕುಡಿದು ಓಡಿಸಿದವರಿಗೂ ಅದೇ 3,416 ರೂಪಾಯಿ

ಒಂದೇ ಬೀದಿಯಲ್ಲಿ ಎರಡು ಮನೆ, ಎರಡೂ ಮನೆಯ ಮುಂದೆ 1,200 ಸಿಸಿಯ ಒಂದೇ ಮಾದರಿಯ ಕಾರು ಎಂದಿಟ್ಟುಕೊಳ್ಳೋಣ. ಒಬ್ಬರು ಇಪ್ಪತ್ತು ವರ್ಷದಿಂದ ಕಾರು ಓಡಿಸುತ್ತಿದ್ದಾರೆ, ಒಂದು ದಿನವೂ ಸಿಗ್ನಲ್ ಹಾರಿಸಿದವರಲ್ಲ. ಇನ್ನೊಬ್ಬರು ಕುಡಿದು ಓಡಿಸುವಾಗ ಎರಡು ಸಲ ಸಿಕ್ಕಿಬಿದ್ದು, ಕೋರ್ಟಿನಲ್ಲಿ ದಂಡ ಕಟ್ಟಿ ಬಂದವರು. ಅವರ ಡಿಎಲ್ ಕೆಲವು ತಿಂಗಳು ಅಮಾನತಿನಲ್ಲೂ ಇತ್ತು. ಇಬ್ಬರ ಥರ್ಡ್ ಪಾರ್ಟಿ ವಿಮೆಯೂ ಒಂದೇ ವಾರ ಮುಗಿಯುತ್ತದೆ, ಇಬ್ಬರೂ ನವೀಕರಣಕ್ಕೆ ಹೋಗುತ್ತಾರೆ. 2022ರ ಜೂನ್ 1ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ದರಪಟ್ಟಿಯ ಪ್ರಕಾರ, ತೆರಿಗೆ ಬಿಟ್ಟು, ಇಬ್ಬರೂ ಕಟ್ಟಬೇಕಾದ ಕಂತು 3,416 ರೂಪಾಯಿ. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆಯಿಲ್ಲ.

ಎಂಜಿನ್ 1,000 ಸಿಸಿ ದಾಟದಿದ್ದರೆ 2,094 ರೂಪಾಯಿ, 1,500 ಸಿಸಿ ಮೀರಿದರೆ 7,897. ಎಂಜಿನ್ ಎಷ್ಟು ದೊಡ್ಡದು ಎಂದು ಈ ಪಟ್ಟಿ ಕೇಳುತ್ತದೆ. ಸ್ಟಿಯರಿಂಗ್ ಹಿಡಿಯುವ ಕೈ ಎಂಥದ್ದು ಎಂದು ಕೇಳುವುದಿಲ್ಲ.

ಇದೇ ಎರಡನೆಯ ವ್ಯಕ್ತಿ ಕ್ಯಾಲಿಫೋರ್ನಿಯಾದಲ್ಲಿ ಇದ್ದಿದ್ದರೆ ಏನಾಗುತ್ತಿತ್ತು? ಕಲ್ಪನೆಗೆ ದೂರದ ಮಾತೇನಲ್ಲ. ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆಯ ಸುತ್ತಮುತ್ತ ಸಾವಿರಾರು ಕನ್ನಡ ಕುಟುಂಬಗಳಿವೆ, ಕಾರಿಲ್ಲದೆ ಅಲ್ಲಿ ಬದುಕು ನಡೆಯುವುದಿಲ್ಲ. ಶುಕ್ರವಾರ ರಾತ್ರಿಯ ಪಾರ್ಟಿ ಮುಗಿಸಿ ಹೊರಟವರ ರಕ್ತದಲ್ಲಿ ಮದ್ಯದ ಪ್ರಮಾಣ ಶೇ 0.08 ಮುಟ್ಟಿದರೆ ಸಾಕು, ಅದು ಅಲ್ಲಿ ಡಿಯುಐ ಅಪರಾಧ. ಪೊಲೀಸರು ಬಂಧಿಸುತ್ತಾರೆ, ಲೈಸೆನ್ಸ್ ಅಮಾನತಾಗುತ್ತದೆ, ಕೋರ್ಟು ದಂಡದ ಜೊತೆಗೆ ತಿಂಗಳುಗಟ್ಟಲೆಯ ಕಡ್ಡಾಯ ತರಗತಿಗೆ ಕಳಿಸುತ್ತದೆ. ಎಚ್1ಬಿಯಂಥ ವೀಸಾದ ಮೇಲೆ ಹೋದವರಿಗೆ ಇನ್ನೂ ಒಂದು ಏಟು ಕಾದಿರುತ್ತದೆ. 2015ರಿಂದ ಈಚೆಗೆ, ಇಂಥ ಬಂಧನವೊಂದೇ ವೀಸಾ ರದ್ದಾಗಲು ಸಾಕಾಗಬಹುದು. ಅಪರಾಧ ಸಾಬೀತಾಗುವವರೆಗೂ ಅಮೆರಿಕದ ವಿದೇಶಾಂಗ ಇಲಾಖೆ ಕಾಯಬೇಕಿಲ್ಲ.

ಅಷ್ಟೆಲ್ಲ ಮುಗಿಸಿ ಮತ್ತೆ ಕಾರು ಹತ್ತಬೇಕೆಂದರೆ ವಿಮೆ ಬೇಕು. ಅಲ್ಲಿಂದ ಇನ್ನೊಂದು ಅಲೆದಾಟ ಶುರು.

ಹಳೆಯ ಕಂಪನಿ ನವೀಕರಣದ ಹೊತ್ತಿಗೆ ಕೈಬಿಡಬಹುದು. ಬಿಡದಿದ್ದರೂ ಕಂತು ಏರಿಯೇ ಏರುತ್ತದೆ. ಲೈಸೆನ್ಸ್ ಮರಳಿ ಬೇಕಾದರೆ ಎಸ್‌ಆರ್-22 ಎಂಬ ಪ್ರಮಾಣಪತ್ರ ಸಲ್ಲಿಕೆಯಾಗಬೇಕು. ಇದನ್ನು ಬಹಳ ಜನ ಒಂದು ಬಗೆಯ ವಿಮೆ ಎಂದೇ ತಿಳಿದಿರುತ್ತಾರೆ. ಅದು ವಿಮೆಯಲ್ಲ. ‘ಈ ವ್ಯಕ್ತಿಗೆ ಕಾನೂನು ಕೇಳುವಷ್ಟು ವಿಮೆ ಇದೆ’ ಎಂದು ವಿಮಾ ಕಂಪನಿಯೇ ಸರ್ಕಾರದ ಮೋಟಾರು ವಾಹನ ಇಲಾಖೆಗೆ ಬರೆದುಕೊಡುವ ಜಾಮೀನಿನಂಥ ಕಾಗದ. ಸಾಮಾನ್ಯವಾಗಿ ಮೂರು ವರ್ಷ ಅದು ಕಡತದಲ್ಲಿ ಇರಲೇಬೇಕು. ನಡುವೆ ಒಂದು ಕಂತು ತಪ್ಪಿ ಪಾಲಿಸಿ ನಿಂತರೆ ಕಂಪನಿ ಇಲಾಖೆಗೆ ತಿಳಿಸುತ್ತದೆ, ಲೈಸೆನ್ಸ್ ಮತ್ತೆ ಅಮಾನತು. ಕಾರು ಮಾರಿಬಿಟ್ಟವರೂ ತಪ್ಪಿಸಿಕೊಳ್ಳುವಂತಿಲ್ಲ. ಸ್ವಂತ ಕಾರಿಲ್ಲದ ಚಾಲಕರಿಗೆಂದೇ ಇರುವ ಪಾಲಿಸಿ ಕೊಂಡು ಆ ಕಾಗದ ಸಲ್ಲಿಸಬೇಕು. ಒಳ್ಳೆಯ ಚಾಲಕರಿಗೆ ಕಾನೂನೇ ಕೊಡಿಸುವ ಶೇ 20ರ ರಿಯಾಯಿತಿ ಡಿಯುಐ ಶಿಕ್ಷೆಯಾದವರಿಗೆ ಹತ್ತು ವರ್ಷ ಸಿಗುವುದಿಲ್ಲ.

ಈ ರಿಯಾಯಿತಿಯ ಕಥೆ ಇಲ್ಲಿ ಹೇಳಲೇಬೇಕು. 1988ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಜನ ನೇರ ಮತದಾನದ ಮೂಲಕ ‘ಪ್ರಾಪೊಸಿಷನ್ 103’ ಎಂಬ ಕಾನೂನನ್ನು ಗೆಲ್ಲಿಸಿದರು; ಆ ರಿಯಾಯಿತಿ ಬಂದದ್ದು ಅದರಿಂದಲೇ. ವಿಮಾ ಕಂಪನಿಗಳು ಅದರ ವಿರುದ್ಧ ಕೋಟಿಗಟ್ಟಲೆ ಡಾಲರ್ ಸುರಿದು ಪ್ರಚಾರ ಮಾಡಿದ್ದವು. ಕಾರಿನ ಕಂತು ನಿಗದಿ ಮಾಡುವಾಗ ಮೊದಲು ನೋಡಬೇಕಾದ್ದು ಚಾಲಕರ ರಸ್ತೆ ದಾಖಲೆ, ನಂತರ ವರ್ಷಕ್ಕೆ ಓಡಿಸುವ ದೂರ, ಆಮೇಲೆ ಚಾಲನೆಯ ಅನುಭವ ಎಂದು ಆ ಕಾನೂನು ಕ್ರಮವನ್ನೇ ಬರೆದಿಟ್ಟಿತು. ಮನೆ ಯಾವ ಬಡಾವಣೆಯಲ್ಲಿದೆ ಎಂಬುದು ಹಿಂದಕ್ಕೆ ಸರಿಯಿತು. ನಮ್ಮ ಮೋಟಾರು ವಾಹನ ಕಾಯ್ದೆಯೂ ಅದೇ 1988ರದ್ದು. ಒಂದು ಕಾನೂನು ಚಾಲಕನಿಂದ ಲೆಕ್ಕ ಶುರುಮಾಡಿತು. ಇನ್ನೊಂದರ ಕೆಳಗಿನ ದರಪಟ್ಟಿ ಎಂಜಿನ್ ಗಾತ್ರದಲ್ಲೇ ನಿಂತಿದೆ.

ಹಾಗಾದರೆ ಎಲ್ಲ ಕಂಪನಿಗಳೂ ಬಾಗಿಲು ಹಾಕಿದರೆ ಆ ಚಾಲಕ ಏನು ಮಾಡಬೇಕು? ಅಮೆರಿಕ ಈ ಪ್ರಶ್ನೆಗೆ ಎರಡು ದಾರಿ ಕಂಡುಕೊಂಡಿದೆ. ಒಂದು, ಮಾರುಕಟ್ಟೆಯದು. ಬೇರೆಯವರು ಬೇಡವೆಂದ ಚಾಲಕರಿಗೆ ಹೆಚ್ಚಿನ ದರದಲ್ಲಿ ವಿಮೆ ಮಾರುವುದನ್ನೇ ಕೆಲವು ಕಂಪನಿಗಳು ವ್ಯಾಪಾರ ಮಾಡಿಕೊಂಡವು; ಇವತ್ತು ಅಲ್ಲಿನ ಅತಿ ದೊಡ್ಡ ಕಾರು ವಿಮೆ ಕಂಪನಿಗಳಲ್ಲಿ ಒಂದಾದ ಪ್ರೋಗ್ರೆಸಿವ್, 1956ರಲ್ಲಿ ಇಂಥವರಿಗೆಂದೇ ಪ್ರತ್ಯೇಕ ಸಂಸ್ಥೆ ತೆರೆದಿತ್ತು. ಎರಡನೆಯದು ಕಾನೂನಿನ ದಾರಿ, ಹೆಚ್ಚು ಗಮನಿಸಬೇಕಾದ್ದು ಅದನ್ನೇ. ಅರುವತ್ತು ದಿನದಲ್ಲಿ ಹುಡುಕಿಯೂ ವಿಮೆ ಸಿಗಲಿಲ್ಲ ಎಂದು ಚಾಲಕ ಬರೆದುಕೊಟ್ಟರೆ, ಕ್ಯಾಲಿಫೋರ್ನಿಯಾದ ‘ಅಸೈನ್ಡ್ ರಿಸ್ಕ್ ಪ್ಲಾನ್’ ಅವನನ್ನು ಯಾವುದಾದರೊಂದು ಕಂಪನಿಗೆ ಹಂಚುತ್ತದೆ. ರಾಜ್ಯದ ಮಾರುಕಟ್ಟೆಯಲ್ಲಿ ಯಾವ ಕಂಪನಿಯ ಪಾಲು ಎಷ್ಟೋ, ಇಂಥ ಚಾಲಕರಲ್ಲೂ ಅದರ ಪಾಲು ಅಷ್ಟೇ. ‘ನಮಗೆ ಬೇಡದವರನ್ನು ನಮ್ಮ ತಲೆಗೆ ಕಟ್ಟುವುದು ಸಂವಿಧಾನಬಾಹಿರ’ ಎಂದು ವಿಮಾ ಸಂಸ್ಥೆಯೊಂದು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು, 1951ರಲ್ಲಿ ಸೋತಿತು. ರಸ್ತೆಯಲ್ಲಿ ಸಾಗುವ ಸಾರ್ವಜನಿಕರ ರಕ್ಷಣೆ ಕಂಪನಿಯ ಆಯ್ಕೆಗಿಂತ ದೊಡ್ಡದಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ವ್ಯವಸ್ಥೆ ಕೆಟ್ಟ ಚಾಲಕನ ಮೇಲಿನ ಕರುಣೆಯಿಂದ ಹುಟ್ಟಿದ್ದಲ್ಲ. ವಿಮೆ ಸಿಗದಿದ್ದರೆ ಅವನು ಕಾರು ಬಿಟ್ಟು ಬಸ್ಸು ಹತ್ತುತ್ತಾನೆಂದು ನಂಬುವಂತಿಲ್ಲ, ವಿಮೆಯಿಲ್ಲದೆಯೇ ಓಡಿಸುತ್ತಾನೆ. ನಾಳೆ ಅವನು ಯಾರಿಗೋ ಗುದ್ದಿದರೆ ಗಾಯಾಳುವಿನ ಆಸ್ಪತ್ರೆಯ ಬಿಲ್ಲು ಕಟ್ಟುವವರು ಯಾರು? ಹಾಗಾಗಿ ದುಬಾರಿಯಾದರೂ ಸರಿ, ವಿಮೆ ಇರಲೇಬೇಕು. ಇದ್ದರೂ ಅದು ದುಬಾರಿಯಾಗಿಯೇ ಇರಬೇಕು. ಈ ಎರಡನ್ನೂ ಒಟ್ಟಿಗೆ ಹಿಡಿದದ್ದೇ ಆ ವ್ಯವಸ್ಥೆಯ ಸಾಧನೆ.

ಅಮೆರಿಕದ್ದೆಲ್ಲ ಚಿನ್ನವೆಂದು ಯಾರೂ ಹೇಳಬೇಕಾಗಿಲ್ಲ. ಕ್ಯಾಲಿಫೋರ್ನಿಯಾ, ಹವಾಯಿ, ಮ್ಯಾಸಚೂಸೆಟ್ಸ್‌ನಂಥ ಕೆಲವು ರಾಜ್ಯಗಳನ್ನು ಬಿಟ್ಟರೆ ಉಳಿದ ಕಡೆ ಸಾಲ ತೀರಿಸಿದ ಚರಿತ್ರೆಯನ್ನೂ ಕಂತಿನ ಲೆಕ್ಕಕ್ಕೆ ಸೇರಿಸುತ್ತಾರೆ. ಎಂದೂ ತಪ್ಪು ಮಾಡದ ಬಡ ಚಾಲಕ, ಕುಡಿದು ಸಿಕ್ಕಿಬಿದ್ದ ಶ್ರೀಮಂತನಿಗಿಂತ ಹೆಚ್ಚು ಕಟ್ಟಬೇಕಾಗಿ ಬರಬಹುದು. ಅದು ಅನ್ಯಾಯ. ಆ ಭಾಗವನ್ನು ನಾವು ತರಬಾರದು.

ಈಗ ನಮ್ಮ ಬೀದಿಗೆ ಬರೋಣ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕುಡಿದು ಓಡಿಸುವುದು ಇಲ್ಲೂ ಅಪರಾಧವೇ. ನಮ್ಮ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಕ್ಯಾಲಿಫೋರ್ನಿಯಾದ್ದಕ್ಕಿಂತ ಬಿಗಿ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎನ್ನುತ್ತದೆ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ, ಇಂಥವರ ಡಿಎಲ್ ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಎಂದು ರಾಜ್ಯಗಳಿಗೆ ಹೇಳಿದೆ. ಕಾನೂನಿನಲ್ಲಿ ಕೊರತೆಯಿಲ್ಲ. ಆದರೆ ದಂಡ ಕಟ್ಟಿ, ಮೂರು ತಿಂಗಳು ಕಳೆದ ಮರುದಿನ ಆ ತಪ್ಪಿನ ನೆನಪು ಎಲ್ಲೂ ಉಳಿಯುವುದಿಲ್ಲ. ವಿಮೆಯ ಕಂತಿನಲ್ಲಂತೂ ಇಲ್ಲವೇ ಇಲ್ಲ.

‘ನೋ ಕ್ಲೇಮ್ ಬೋನಸ್ ಇದೆಯಲ್ಲ’ ಎಂದು ಕೇಳಬಹುದು. ಮೊದಲ ವರ್ಷ ಶೇ 20ರಿಂದ ಐದು ವರ್ಷಕ್ಕೆ ಶೇ 50ರವರೆಗೆ ಏರುವ ಆ ರಿಯಾಯಿತಿ ಸ್ವಂತ ಕಾರಿನ ಹಾನಿಯ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಅದೂ ಕ್ಲೇಮ್ ಮಾಡದವರಿಗೆ ಸಿಗುವ ಬಹುಮಾನವೇ ಹೊರತು ನಿಯಮ ಪಾಲಿಸಿದವರಿಗಲ್ಲ. ವರ್ಷಕ್ಕೆ ಐವತ್ತು ಸಲ ಸಿಗ್ನಲ್ ಹಾರಿಸಿ ಎಲ್ಲೂ ಗುದ್ದದೆ ಬಂದವರಿಗೂ ಅದು ಸಿಗುತ್ತದೆ. ಹಿಂದಿನಿಂದ ಯಾರೋ ಬಂದು ಗುದ್ದಿ ಓಡಿಹೋದದ್ದಕ್ಕೆ ಕ್ಲೇಮ್ ಮಾಡಿದ ಸಭ್ಯರಿಗೆ ಅದು ಹೋಗುತ್ತದೆ.

ಇನ್ನು ದಂಡದ ಮಾತು. 2023ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ಉಳಿದ ಟ್ರಾಫಿಕ್ ಫೈನ್‌ಗೆ ಶೇ 50 ರಿಯಾಯಿತಿ ಕೊಟ್ಟಿತು. ಸ್ಟೇಷನ್ನುಗಳ ಮುಂದೆ ಸಾಲು ಹತ್ತಿತು, ಬೆಂಗಳೂರೊಂದರಲ್ಲೇ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. 2025ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಮತ್ತೆ ಅದೇ ರಿಯಾಯಿತಿ. ಖಜಾನೆಗೆ ಹಣ ಬಂತು, ನಿಜ. ಸಿಗ್ನಲ್ ಹಾರಿಸಿದವರಿಗೆ ಅರ್ಧ ಮಾಫಿ ಸಿಕ್ಕಿತು. ಒಂದು ಫೈನೂ ಇಲ್ಲದವರಿಗೆ ಯಾವ ಕಂತಿನಲ್ಲೂ ಒಂದು ರೂಪಾಯಿ ಇಳಿಯಲಿಲ್ಲ. ಕಾದು ಕೂತರೆ ಸರ್ಕಾರವೇ ಬಗ್ಗುತ್ತದೆ ಎಂಬ ಪಾಠವನ್ನು ಮತ್ತೆ ಮತ್ತೆ ಕಲಿಸಿದ್ದು ತಪ್ಪು.

ದಾರಿ ಯಾರಿಗೂ ಹೊಳೆದಿಲ್ಲವೆಂದಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ನೇಮಿಸಿದ್ದ ಕಾರ್ಯತಂಡ 2021ರ ಜನವರಿಯಲ್ಲಿ ಒಂದು ಕರಡು ವರದಿ ಹೊರತಂದಿತು. ಕಾರು ವಿಮೆಯಲ್ಲಿ ‘ಸಂಚಾರ ಉಲ್ಲಂಘನೆ ಕಂತು’ ಎಂಬ ಹೊಸ ಭಾಗ ಸೇರಿಸಬೇಕು, ಪ್ರತಿ ತಪ್ಪಿಗೂ ಅಂಕ ಇರಬೇಕು, ಅಂಕ ಹೆಚ್ಚಿದಂತೆ ಕಂತೂ ಏರಬೇಕು ಎಂಬುದು ಅದರ ಸಲಹೆ. ಕುಡಿದು ಓಡಿಸಿದರೆ 100 ಅಂಕ, ತಪ್ಪು ಜಾಗದಲ್ಲಿ ನಿಲ್ಲಿಸಿದರೆ 10. ಮೊದಲ ಪ್ರಯೋಗ ದೆಹಲಿಯಲ್ಲಿ ಆಗಲಿ ಎಂದೂ ಹೇಳಿತ್ತು. ಅದಾಗಿ ವರ್ಷಗಳೇ ಉರುಳಿದರೂ ಕರ್ನಾಟಕದ ಯಾವ ಪಾಲಿಸಿಯ ಹಾಳೆಯಲ್ಲೂ ಆ ಹೊಸ ಸಾಲು ಬಂದಿಲ್ಲ. 2022ರ ಜುಲೈನಲ್ಲಿ ಓಡಿಸಿದಷ್ಟಕ್ಕೆ, ಓಡಿಸಿದ ರೀತಿಗೆ ತಕ್ಕಂತೆ ಕಂತು ಕಟ್ಟುವ ಯೋಜನೆಗಳಿಗೆ ಪ್ರಾಧಿಕಾರ ಒಪ್ಪಿಗೆ ಕೊಟ್ಟದ್ದೇನೋ ಸರಿ, ಆದರೆ ಅವು ಸ್ವಂತ ಹಾನಿಯ ಭಾಗಕ್ಕೆ ಬೇಕಾದವರು ಕೊಳ್ಳುವ ಸವಲತ್ತು. ತಪ್ಪು ಮಾಡುವವರು ಅವನ್ನು ಯಾಕೆ ಕೊಂಡಾರು?

ಆ ಕರಡಿನಲ್ಲಿ ಒಂದು ದೊಡ್ಡ ದೋಷವೂ ಇತ್ತು. ಅಂಕವನ್ನು ಅದು ವಾಹನಕ್ಕೆ ಅಂಟಿಸಿತು, ಚಾಲಕನಿಗಲ್ಲ. ನಮ್ಮಲ್ಲಿ ಕಂಬದ ಮೇಲಿನ ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ಫೈನು ಆರ್‌ಸಿಯಲ್ಲಿ ಹೆಸರಿರುವವರ ಮೊಬೈಲಿಗೆ ಹೋಗುತ್ತದೆ. ಒಬ್ಬರೇ ಮಾಲೀಕರ ನಾಲ್ಕು ಟ್ಯಾಕ್ಸಿಯನ್ನು ಎಂಟು ಜನ ಪಾಳಿಯಲ್ಲಿ ಓಡಿಸುವ ಊರಿದು. ಅಪ್ಪನ ಹೆಸರಿನ ಕಾರನ್ನು ಮಗ, ಅಳಿಯ, ಡ್ರೈವರ್ ಮೂವರೂ ಓಡಿಸುವ ಮನೆಗಳಿಗೆ ಲೆಕ್ಕವಿಲ್ಲ. ಒಬ್ಬನ ತಪ್ಪಿಗೆ ಕಾರಿನ ಕಂತು ಏರಿದರೆ ಓಡಿಸಿದವನಿಗೆ ಏನೂ ತಟ್ಟುವುದಿಲ್ಲ, ಅವನು ನಾಳೆ ಇನ್ನೊಬ್ಬರ ಕಾರು ಹತ್ತುತ್ತಾನೆ. ಅಂಕ ಡಿಎಲ್ ಮೇಲೆ ಕೂರಬೇಕು. ಡಿಎಲ್ ವಿವರಗಳಿಗೆ ‘ಸಾರಥಿ’, ವಾಹನದ ವಿವರಗಳಿಗೆ ‘ವಾಹನ್’ ಎಂಬ ಕೇಂದ್ರದ ಎರಡು ದತ್ತಾಂಶ ಕೋಶಗಳು ಆಗಲೇ ಇವೆ. ನಾಕಾಬಂದಿಯಲ್ಲಿ ಕುಡಿದವರನ್ನು ಹಿಡಿಯುವ ಪೊಲೀಸರ ಮುಂದೆ ಚಾಲಕ ಖುದ್ದು ನಿಂತಿರುತ್ತಾನೆ, ಅವನ ಡಿಎಲ್ ಅವರ ಕೈಯಲ್ಲೇ ಇರುತ್ತದೆ. ಕ್ಯಾಮೆರಾ ಫೈನಿನ ಗೋಜಲು ಬಿಡಿಸುವವರೆಗೆ ಕಾಯಬೇಕಿಲ್ಲ. ಅತಿ ಗಂಭೀರ ಅಪರಾಧವಾದ ಕುಡಿದು ಓಡಿಸುವುದರಿಂದ ಶುರುಮಾಡಬಹುದು.

ಹೆದರಿಕೆಯೊಂದಿದೆ, ಅದು ಸುಳ್ಳಲ್ಲ. ಕಂತು ಏರಿಸಿದರೆ ಜನ ವಿಮೆಯನ್ನೇ ಬಿಟ್ಟುಬಿಡುತ್ತಾರೆ. ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲದ ದಂಡ 2,000 ರೂಪಾಯಿ, ಮಧ್ಯಮ ಗಾತ್ರದ ಕಾರಿನ ಒಂದು ವರ್ಷದ ಥರ್ಡ್ ಪಾರ್ಟಿ ಕಂತಿಗಿಂತಲೂ ಕಡಿಮೆ! ದೇಶದ ರಸ್ತೆಗಳ ಮೇಲಿನ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ವಿಮೆ ಇಲ್ಲ ಎಂಬುದು ವಿಮಾ ಕ್ಷೇತ್ರದ್ದೇ ಲೆಕ್ಕ. ಹೊಸ ಕಾರಿಗೆ ಮೂರು ವರ್ಷ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕೊಳ್ಳಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದು ಈ ಕಾರಣಕ್ಕೇ.

ವಿಮೆಯಿದ್ದರೆ ಗಾಯಾಳುವಿಗೆ ಏನಾಗುತ್ತದೆ ಎಂಬುದನ್ನು ನಮ್ಮ ನ್ಯಾಯಾಲಯಗಳು ತೋರಿಸಿಕೊಟ್ಟಿವೆ. ಸ್ವರಣ್ ಸಿಂಗ್ ಪ್ರಕರಣ ಎಂದೇ ಹೆಸರಾದ 2004ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಚಾಲಕನ ಲೈಸೆನ್ಸಿನಲ್ಲಿ ದೋಷವಿದ್ದರೂ ಕಂಪನಿ ಮೊದಲು ಸಂತ್ರಸ್ತರಿಗೆ ಪರಿಹಾರ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳುವ ದಾರಿಯನ್ನು ಎತ್ತಿಹಿಡಿಯಿತು. 2020ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠವೂ ‘ಮೊದಲು ಕೊಡು, ನಂತರ ವಸೂಲು ಮಾಡು’ ಎಂಬ ತತ್ವವನ್ನೇ ಗಟ್ಟಿಗೊಳಿಸಿತು. ಕುಡಿದು ಓಡಿಸಿದವರ ಸ್ವಂತ ಕಾರಿನ ರಿಪೇರಿಗೆ ಪಾಲಿಸಿಯ ನಿಯಮದಂತೆ ಏನೂ ಸಿಗುವುದಿಲ್ಲ, ಸಿಗಬಾರದು. ಆದರೆ ಅವರು ಗುದ್ದಿದ ಬೈಕಿನ ಹಿಂದೆ ಕೂತಿದ್ದ ಹೆಣ್ಣುಮಗಳ ಪರಿಹಾರ ನಿಲ್ಲಬಾರದು. ಪಾಲಿಸಿಯೇ ಇಲ್ಲದಿದ್ದರೆ? ಆಕೆ ಜಿಲ್ಲಾ ಕೋರ್ಟಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಗೆದ್ದರೂ, ಮಾಲೀಕನ ಹೆಸರಲ್ಲಿ ಆಸ್ತಿ ಏನಿದೆ ಎಂದು ಹುಡುಕುತ್ತ ವರ್ಷಗಟ್ಟಲೆ ಅಲೆಯಬೇಕು.

ಆದ್ದರಿಂದ ಕಂತು ಏರಿಸುವುದು ಮತ್ತು ವಿಮೆಯಿಲ್ಲದ ವಾಹನವನ್ನು ರಸ್ತೆಗೆ ಬಿಡದಿರುವುದು ಒಂದೇ ದಿನ ಜಾರಿಗೆ ಬರಬೇಕು. ಎಸ್‌ಆರ್-22 ಕಾಗದದ ತಿರುಳನ್ನಾದರೂ ನಾವು ತಂದುಕೊಳ್ಳಬಹುದು: ಡಿಎಲ್ ಅಮಾನತು ತೆರವಾಗಬೇಕಾದರೆ ಚಾಲ್ತಿಯಲ್ಲಿರುವ ಪಾಲಿಸಿ ತೋರಿಸಬೇಕು, ಮೂರು ವರ್ಷದೊಳಗೆ ಅದು ನಿಂತರೆ ಕಂಪನಿಯೇ ಆರ್‌ಟಿಒಗೆ ತಿಳಿಸಬೇಕು, ಡಿಎಲ್ ಮತ್ತೆ ಅಮಾನತಾಗಬೇಕು. ಜೊತೆಗೇ, ಐದು ವರ್ಷ ಒಂದೂ ತಪ್ಪಿಲ್ಲದ ಚಾಲಕರಿಗೆ ಥರ್ಡ್ ಪಾರ್ಟಿ ಕಂತು ಇಳಿಯಬೇಕು. ನಿಯಮ ಪಾಲಿಸುವವರ ಮನಸ್ಸು ಗೆಲ್ಲದೆ ಈ ಸುಧಾರಣೆ ನಿಲ್ಲುವುದಿಲ್ಲ.

ಥರ್ಡ್ ಪಾರ್ಟಿ ದರ ಕೇಂದ್ರದ ಕೈಯಲ್ಲಿದೆ ಎಂದು ರಾಜ್ಯ ಸರ್ಕಾರ ಕೈಚೆಲ್ಲುವಂತಿಲ್ಲ. ದೆಹಲಿಯಲ್ಲಿ ಮಾಡಬೇಕೆಂದಿದ್ದ ಪ್ರಯೋಗವನ್ನು ಬೆಂಗಳೂರಿಗೆ ಕೊಡಿ ಎಂದು ಅದು ಕೇಂದ್ರ ಹೆದ್ದಾರಿ ಸಚಿವಾಲಯಕ್ಕೂ ಐಆರ್‌ಡಿಎಐಗೂ ಪತ್ರ ಬರೆಯಬೇಕು. ಫೈನಿಗೆ ಮುಂದಿನ ರಿಯಾಯಿತಿ ಘೋಷಿಸುವ ಮೊದಲೇ ಬರೆಯಬೇಕು.